ಎಡಾ ಎಂದು ಕೂಗಿದ ದಿನ

ನಾನು ಮೊದಲಿನಿಂದಲೂ ಅಂಜುಬುರುಕಿ. ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದವಳು ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಮತ್ತೆ ಮೇಲೆ ಹತ್ತುವವಳು. ಲೋಕಲ್ ರೈಲಿನಲ್ಲಿ ಇಳಿಯುವ ಸ್ಟೇಷನ್ನಿಗೆ ಎರಡು ಸ್ಟೇಷನ್ ಮೊದಲೇ ಬಾಗಿಲಿಗೆ ಬಂದು ನಿಲ್ಲುವವಳು. ಇಂಥವಳ ಬೆನ್ನಿಗೆ ಹುಟ್ಟಿದ ತಂಗಿ, ಮುಖಕ್ಕೆ ಗುದ್ದಿಸಿಕೊಳ್ಳುವ ಆಟವನ್ನು ಆರಿಸಿಕೊಂಡಳು. ದೇವರಿಗೆ ತಮಾಷೆ ಮಾಡುವ ಚಟವಿರಬೇಕು.

ನಮ್ಮದು ವಿಜಾಪುರದ ಕಡೆಯ ಮನೆತನ. ಅಪ್ಪ ಮುಂಬಯಿ ಹತ್ತಿರದ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಒಬ್ಬ ಕಾಳಿನ ವ್ಯಾಪಾರಿಯ ಬಳಿ ಗುಮಾಸ್ತರಾಗಿದ್ದರು. ನಾನು ಹನ್ನೆರಡು ವರ್ಷದವರೆಗೆ ಊರಿನಲ್ಲಿ ಅಜ್ಜಿಯ ಬಳಿ ಬೆಳೆದು ಆಮೇಲೆ ಕಲ್ಯಾಣಕ್ಕೆ ಬಂದೆ. ತಂಗಿ ನನಗಿಂತ ಏಳು ವರ್ಷಕ್ಕೆ ಚಿಕ್ಕವಳು, ಅಲ್ಲಿಯೇ ಹುಟ್ಟಿದವಳು. ಅವ್ವ ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ಎದುರಾಡುತ್ತಿದ್ದಳು. ನನ್ನ ಬಳಿ ಏನಾದರೂ ಬೇಡುವಾಗ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುತ್ತಿತ್ತು. ಅವಳು ಕನ್ನಡದಲ್ಲಿ 'ಅಕ್ಕಾ' ಎಂದ ಕೂಡಲೇ ನನಗೆ ಎದೆ ಧಸಕ್ಕೆನ್ನುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ಕಲ್ಯಾಣದ ಪಕ್ಕದ ಶಹಾಡ್ ಸ್ಟೇಷನ್ನಿನ ಹತ್ತಿರ ಕಾರ್ಖಾನೆ ಕೆಲಸಗಾರರಿಗೆಂದು ಕಟ್ಟಿದ ಒಂದು ಹಾಲ್ ಇತ್ತು. ಅಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬರು ಸಂಜೆ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು. ಶಾಲೆಯ ಆಟದ ಮಾಸ್ತರರ ಜೊತೆ ಅದನ್ನು ನೋಡಲು ಹೋದ ತಂಗಿ ಮನೆಗೆ ಬಂದು, ನಾಳೆಯಿಂದ ನಾನೂ ಹೋಗುತ್ತೇನೆ ಎಂದಳು. ಆಗ ಅವಳಿಗೆ ಹದಿಮೂರು ವರ್ಷ. ಅವ್ವ ಮೂರು ದಿನ ಅತ್ತು, ನಾಲ್ಕನೆಯ ದಿನ ಒಂದು ಷರತ್ತು ಹಾಕಿದಳು.

"ಅಕ್ಕ ಸಂಗಡ ಬಂದ್ರ ಹೋಗು. ಒಬ್ಬಾಕಿನ ಬಿಡೂದಿಲ್ಲ."

ಅಕ್ಕನನ್ನು ಯಾರೂ ಕೇಳಲಿಲ್ಲ. ಅಲ್ಲಿಂದ ಮುಂದೆ ಕೆಲವು ವರ್ಷ ನನ್ನ ಸಂಜೆಗಳೆಲ್ಲ ಆ ಹಾಲಿನ ಕಬ್ಬಿಣದ ಕುರ್ಚಿಯ ಮೇಲೆ ಕಳೆದವು. ಇಡೀ ಹಾಲಿಗೆ ಅವಳೊಬ್ಬಳೇ ಹುಡುಗಿ. ಬಟ್ಟೆ ಬದಲಿಸಲು ಕೋಣೆ ಇರಲಿಲ್ಲ, ಒದ್ದೆ ಟೀ ಶರ್ಟಿನ ಮೇಲೆ ಓಢಣಿ ಹೊದ್ದು ರೈಲು ಹತ್ತುತ್ತಿದ್ದಳು. ತಲೆಗೆ ಹಾಕುವ ಹೆಡ್‌ಗಾರ್ಡ್ ಹುಡುಗರದ್ದು, ಅವರ ಬೆವರಿನ ವಾಸನೆ ಅವಳ ಕೂದಲಲ್ಲಿ ಮನೆಯವರೆಗೆ ಬರುತ್ತಿತ್ತು. ಕಾಲೇಜಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನಾನು ಗೋಡೆ ನೋಡುತ್ತಿದ್ದೆ. ಗುದ್ದಿನ ಸದ್ದು ಕೇಳಿದಾಗ ಅದು ಯಾರಿಗೆ ಬಿತ್ತೆಂದು ನೋಡುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಆಗೆಲ್ಲ ಅವಳ ತೂಕಕ್ಕೆ ಸರಿಯಾದ ಹುಡುಗಿಯರೇ ಸಿಗುತ್ತಿರಲಿಲ್ಲ. ಜಿಲ್ಲೆಯ ಮೊದಲ ಸ್ಪರ್ಧೆಯಲ್ಲಿ ಎದುರಾಳಿಯೇ ಇಲ್ಲದೆ ಅವಳ ಕೈ ಮೇಲೆತ್ತಿ ಚಿನ್ನದ ಪದಕ ಕೊರಳಿಗೆ ಹಾಕಿದರು. ಅವಳು ಅವಮಾನವಾದವಳಂತೆ ಮುಖ ಊದಿಸಿಕೊಂಡು ಬಂದಳು. ಅವ್ವ ಮಾತ್ರ ಪದಕವನ್ನು ದೇವರ ಮುಂದಿಟ್ಟು, "ಇಂಥಾ ಆಟ ಆದ್ರ ಚೊಲೋ ಐತಿ ಬಿಡವಾ" ಎಂದು ಹೇಳಿ, ಅಂದಿನಿಂದ ಅಳುವುದನ್ನು ನಿಲ್ಲಿಸಿದಳು.

ಆಮೇಲೆ ಒಬ್ಬೊಬ್ಬರೇ ಹುಡುಗಿಯರು ಬಂದರು, ಗುದ್ದುಗಳೂ ಬಂದವು. ತಂಗಿ ಗೆಲ್ಲತೊಡಗಿದಳು. ಹತ್ತೊಂಬತ್ತು ತುಂಬುವ ಹೊತ್ತಿಗೆ ಮರಾಠಿ ಪೇಪರಿನಲ್ಲಿ ಅವಳ ಫೋಟೋ ಬಂದಿತ್ತು. ಆ ವರ್ಷ ರಾಜ್ಯ ಮಟ್ಟದಲ್ಲಿ ಗೆದ್ದರೆ ರಾಷ್ಟ್ರೀಯ ಶಿಬಿರಕ್ಕೆ ಕರೆ ಬರುವುದು ಖಂಡಿತ ಎಂದು ಬಾಕ್ಸಿಂಗ್ ಕಲಿಸುವ ಸರ್ ಹೇಳಿದ್ದರು. ಕಲ್ಯಾಣದ ಕಡೆಯಿಂದ ಅಲ್ಲಿಯವರೆಗೆ ಯಾವ ಹುಡುಗಿಯೂ ಆ ಶಿಬಿರಕ್ಕೆ ಹೋಗಿರಲಿಲ್ಲ. ಅವಳು ಬೆಳಿಗ್ಗೆ ಹಲ್ಲುಜ್ಜುವಾಗಲೂ ಶಿಬಿರದ ಮಾತನ್ನೇ ಆಡುತ್ತಿದ್ದಳು.

ಸ್ಪರ್ಧೆಗೆ ಹತ್ತು ದಿನ ಇರುವಾಗ ಅವಳು ಊಟಕ್ಕೆ ಕೂತು ಗಾಳಿಯಲ್ಲಿ ಕೈಬೀಸಿದಳು.

ಏನು ಸೊಳ್ಳೆಯಪ್ಪಾ ಎಂದು ಮರಾಠಿಯಲ್ಲಿ ಗೊಣಗಿದಳು.

ಸೊಳ್ಳೆ ಇರಲಿಲ್ಲ. ಮರುದಿನವೂ ಬೀಸಿದಳು. ನಾನು ಅವಳನ್ನು ಗಮನಿಸತೊಡಗಿದೆ. ಅಂಜುಬುರುಕರಿಗೆ ಒಂದು ಒಳ್ಳೆಯ ಗುಣವಿದೆ, ನಮ್ಮ ಕಣ್ಣಿಗೆ ಏನೂ ತಪ್ಪುವುದಿಲ್ಲ. ತಾಟಿನ ಎಡಗಡೆ ಚಟ್ನಿ ಇದ್ದರೂ, ಚಟ್ನಿ ಹಾಕಲಿಲ್ಲವೇ ಎಂದು ಅವಳು ಕೇಳಿದಳು. ಸ್ಟೇಷನ್ನಿನ ಸೇತುವೆಯ ಮೇಲೆ ಎಡಗಡೆಯಿಂದ ಬರುವವರ ಹೆಗಲಿಗೆಲ್ಲ ಡಿಕ್ಕಿ ಹೊಡೆದಳು. ಕೊನೆಗೆ ಲೇಡೀಸ್ ಡಬ್ಬಿಯಲ್ಲಿ ಅವಳ ಎಡಕ್ಕೆ ಕೂತು, ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ನನ್ನ ಅಂಗೈಯನ್ನು ಮೆಲ್ಲಗೆ ಆಡಿಸಿದೆ. ಎದುರಿಗೆ ಕೂತ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿದಳು. ತಂಗಿ ನೋಡಲಿಲ್ಲ.

ನಾನು ಅವಳನ್ನು ಎಳೆದುಕೊಂಡು ಕಣ್ಣಿನ ಡಾಕ್ಟರ ಬಳಿ ಹೋದೆ. ಅವರು ಉಡುಪಿ ಕಡೆಯ ಹಿರಿಯ ಹೆಂಗಸು. ತುಂಬ ಹೊತ್ತು ದೀಪ ಬಿಟ್ಟು ನೋಡಿ, ಯಾವ ಆಟ ಆಡುತ್ತಾಳೆಂದು ಕೇಳಿ, ಹಣೆಗೆ ಕೈ ಹಚ್ಚಿಕೊಂಡರು.

"ಬಾಕ್ಸಿಂಗಾ? ದೇವರೇ! ನೋಡಿ, ಕಣ್ಣಿನ ಒಳಗೆ ಪರದೆ ಉಂಟಲ್ಲ, ಎಡದ ಕಣ್ಣಿನಲ್ಲಿ ಅದು ಒಂದು ಬದಿಯಿಂದ ಬಿಡ್ಲಿಕ್ಕೆ ಶುರುವಾಗಿದೆ. ಗೋಡೆಗೆ ಅಂಟಿಸಿದ ಕಾಗದ ಮೂಲೆಯಿಂದ ಏಳ್ತದಲ್ಲ, ಹಾಗೆ. ನಾಳೆಯೇ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿ. ಇನ್ನೊಂದು ಪೆಟ್ಟು ಬಿದ್ರೆ ಕಣ್ಣು ಉಳೀತದೆ ಅಂತ ನಾನು ಹೇಳುವುದಿಲ್ಲ."

ಹೊರಗೆ ಬಂದು ರಿಕ್ಷಾಗಳ ಸಾಲಿನ ಪಕ್ಕದಲ್ಲಿ ನಿಂತೆವು. ತಂಗಿ ಕನ್ನಡದಲ್ಲಿ ಶುರು ಮಾಡಿದಳು.

"ಅಕ್ಕಾ, ಒಂದ ವಾರ ಅಷ್ಟ. ಸ್ಟೇಟ್ ಮುಗೀಲಿ, ಮರುದಿನಾನ ಆಸ್ಪತ್ರಿಗೆ ಹೋಗೂಣು. ಅಪ್ಪಗ ಹೇಳಬ್ಯಾಡ. ಸರ್‌ಗೂ ಹೇಳಬ್ಯಾಡ."

"ಕಣ್ಣ ಹೋದೀತ. ಮುಂದಿನ ವರ್ಷ ಆಡಿದ್ರಾತು."

"ಮುಂದಿನ ವರ್ಷ ಆಪರೇಷನ್ ಆದ ಕಣ್ಣಿನಾಕಿನ ಯಾರ ರಿಂಗಿನಾಗ ಬಿಡ್ತಾರ? ಇದ ಕಡೀದು ಅಕ್ಕಾ. ಒಮ್ಮೆ ಗೆದ್ದ ಬಿಡ್ತೀನಿ. ಗೆದ್ದಾಕಿ ಅಂತಾದ್ರೂ ಅನಿಸ್ಕೋತೀನಿ."

ನಾನು ಹೂಂ ಎಂದೆ. ಯಾಕೆ ಹೂಂ ಎಂದೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳ ಮೇಲಿನ ಪ್ರೀತಿ ಎಂದು ಹೇಳಿಕೊಳ್ಳಲು ಹಿತವಾಗಿರುತ್ತದೆ. ನಿಜವೆಂದರೆ ಅವಳ ಸಿಟ್ಟಿಗೆ ನಾನು ಹೆದರಿದೆ. ಕಣ್ಣು ಹೋಗುವುದು ಒಂದು ವಾರ ದೂರವಿತ್ತು, ಅವಳ ಸಿಟ್ಟು ಆ ರಿಕ್ಷಾ ಸ್ಟ್ಯಾಂಡಿನಲ್ಲೇ ಇತ್ತು.

ಆಗ ನಾನು ನವಿಮುಂಬಯಿಯ ಘಣಸೋಲಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಆ ವಾರ ಠಾಣೆಯಲ್ಲಿ ಗಾಡಿ ಬದಲಿಸುವಾಗ ಎರಡು ಸಲ ತಪ್ಪು ಪ್ಲಾಟ್‌ಫಾರ್ಮಿಗೆ ಹೋದೆ. ಆಫೀಸಿನ ಫೋನು ರಿಂಗಾದರೆ ಶಹಾಡಿನಿಂದ ಇರಬಹುದೆಂದು ಎಲ್ಲರಿಗಿಂತ ಮೊದಲು ಓಡಿ ಎತ್ತುತ್ತಿದ್ದೆ. ಮನೆಯಲ್ಲಿ ಅಪ್ಪ ಪೇಪರ್ ಓದುತ್ತ ಕೂತಿರುವಾಗ ಎಷ್ಟೋ ಸಲ ಅವರ ಮುಂದೆ ಹೋಗಿ ನಿಂತು, ಚಹಾ ಬೇಕೇ ಎಂದು ಕೇಳಿ ವಾಪಸು ಬಂದೆ. ಅಷ್ಟೊಂದು ಚಹಾ ಕುಡಿದು ಅವರಿಗೆ ಪಿತ್ತವಾಯಿತು.

ಉಪಾಯವನ್ನು ತಂಗಿಯೇ ಕಂಡುಹಿಡಿದಳು. ಎದುರಾಳಿಯ ಬಲಗೈ ಬರುವುದು ಇವಳ ಎಡಗಡೆಗೆ. ಅದು ಇವಳಿಗೆ ಕಾಣದು. ನಾನು ರಿಂಗಿನ ಹತ್ತಿರ ಕೂತು ಆ ಕೈ ಏಳುವುದನ್ನು ನೋಡಿದ ಕೂಡಲೇ ಕೂಗಬೇಕು.

"ಮರಾಠಿಯೊಳಗ ಬ್ಯಾಡ, ಹಿಂದಿಯೊಳಗೂ ಬ್ಯಾಡ. ಎದುರಿನಾಕಿಗೂ ತಿಳೀತದ. ಕನ್ನಡದಾಗ ಒದರು."

"ಎಡಾ ಅಂತ ಒದರ್ಲಿ?"

"ಹೂಂ. ಎಡಾ. ಬಾಗಿ ಬಿಡ್ತೀನಿ."

ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸವನ್ನೂ ಮಾಡಿದೆವು. ನಾನು ಸೌಟು ಬೀಸಿ ಎಡಾ ಎನ್ನುವುದು, ಅವಳು ತಲೆ ತಗ್ಗಿಸುವುದು. ಅವ್ವ ಹೊರಗಿನಿಂದ, ಏನು ನಡೆದಿದೆ ಒಳಗೆ, ಪಲ್ಯ ಸೀದೀತು ಎಂದು ಕೂಗಿದಳು. ಇಬ್ಬರೂ ನಕ್ಕೆವು. ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಸ್ಪರ್ಧೆ ಠಾಣೆಯ ಒಂದು ಹಾಲಿನಲ್ಲಿತ್ತು. ಮೊದಲ ದಿನ ತೂಕ ನೋಡಿ, ಡಾಕ್ಟರು ಒಬ್ಬೊಬ್ಬರನ್ನೇ ಪರೀಕ್ಷೆ ಮಾಡುತ್ತಿದ್ದರು. ಕಣ್ಣಿಗೆಂದು ಗೋಡೆಯ ಮೇಲೆ ಅಕ್ಷರದ ಹಲಗೆ ತೂಗುಹಾಕಿದ್ದರು. ನಾನು ನೀರು ಕೊಡುವ ನೆವದಲ್ಲಿ ಒಳಗೆ ಹೋಗಿ, ಕೆಳಗಿನ ಮೂರು ಸಾಲು ಬಾಯಿಪಾಠ ಮಾಡಿಕೊಂಡು ಬಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ಬಲಗಣ್ಣು ಮುಚ್ಚಿಕೊಂಡು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಡಾಕ್ಟರು ಶಹಬ್ಬಾಸ್ ಎಂದರು. ನಾನು ಹೊರಗೆ ಹೋಗಿ ನಳದಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿದೆ.

ಮೊದಲ ಎರಡು ಪಂದ್ಯಗಳಲ್ಲಿ ಹಾಲಿನ ತುಂಬ ಗದ್ದಲ. ಎಲ್ಲರೂ ಏನೇನೋ ಕಿರುಚುತ್ತಿದ್ದರು, ಅದರಲ್ಲಿ ನನ್ನ ಎಡಾ ಯಾರಿಗೂ ಕೇಳಲಿಲ್ಲ, ಅವಳೊಬ್ಬಳಿಗೆ ಬಿಟ್ಟು. ಜೀವನದಲ್ಲಿ ಮೊದಲ ಬಾರಿಗೆ ನಾನು ಕಣ್ಣು ಮುಚ್ಚದೆ ಅವಳ ಆಟ ನೋಡಿದೆ. ಎಷ್ಟು ಚೆನ್ನಾಗಿ ಆಡುತ್ತಿದ್ದಳು! ಅಷ್ಟು ವರ್ಷ ಪಕ್ಕದಲ್ಲೇ ಕೂತು ನಾನು ಗೋಡೆ ನೋಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಎರಡೂ ಪಂದ್ಯ ಗೆದ್ದಳು. ಒಂದೆರಡು ಏಟು ಬಿದ್ದವು, ಕಣ್ಣಿಗಲ್ಲ.

ಫೈನಲ್ ದಿನ ಅತಿಥಿಗಳು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು, ಹಾಲ್ ಶಿಸ್ತಿನಿಂದ ತೆಪ್ಪಗಿತ್ತು. ಎದುರಾಳಿ ಉದ್ದ ಕೈಯ ಹುಡುಗಿ. ಮೊದಲ ರೌಂಡಿನಲ್ಲಿ ಅವಳ ಬಲಗೈ ಮೂರು ಸಲ ಎದ್ದಿತು, ಮೂರು ಸಲ ನಾನು ಎಡಾ ಎಂದು ಕೂಗಿದೆ, ಮೂರು ಸಲ ತಂಗಿ ಬಾಗಿದಳು. ಎರಡನೆಯ ರೌಂಡಿನಲ್ಲಿ ಇವಳೇ ಮುಂದಿದ್ದಳು. ನನಗೆ ಹುರುಪು ಬಂದು ಎದ್ದು ನಿಂತು ಕೂಗಿದೆ.

"ಎಡಾ! ಎಡಾ! ಎಡಾ!"

ರೌಂಡ್ ಮುಗಿದ ಗಂಟೆ ಹೊಡೆಯಿತು. ಮೇಜಿನ ಹಿಂದಿನಿಂದ ಬಿಳಿ ಅಂಗಿಯ ಅಧಿಕಾರಿಯೊಬ್ಬರು ಎದ್ದು ಸೀದಾ ನನ್ನ ಬಳಿಗೆ ಬಂದರು. ಮುಖ ಕೆಂಪಾಗಿತ್ತು.

"ಯೆಡಾ ಕೋಣಾಲಾ ಮ್ಹಣತೇಸ್? ರೆಫ್ರೀಲಾ?"

ಹುಚ್ಚ ಎಂದು ಯಾರಿಗೆ ಅನ್ನುತ್ತೀ, ರೆಫ್ರಿಗೋ? ನನಗೆ ಆಗ ಹೊಳೆಯಿತು. ಮರಾಠಿಯಲ್ಲಿ ಯೆಡಾ ಎಂದರೆ ಹುಚ್ಚ. ದಿನಾ ಬೀದಿಯಲ್ಲಿ ಕೇಳುವ ಬೈಗುಳ. ತಂಗಿಯಂತೂ ಹುಡುಗರಿಗೆ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಆದರೂ ನಮ್ಮಿಬ್ಬರಿಗೂ ಅದು ತಲೆಗೆ ಬಂದಿರಲಿಲ್ಲ. ಮನೆಯ ಮಾತು ಮನೆಯೊಳಗೆ, ಬೀದಿಯ ಮಾತು ಬೀದಿಯಲ್ಲಿ ಎಂದು ಬೇರೆ ಬೇರೆ ಇಟ್ಟು ಬದುಕಿದವರಿಗೆ ಎರಡೂ ಒಂದೇ ಸದ್ದು ಮಾಡುತ್ತವೆಂದು ಗೊತ್ತಾಗುವುದಿಲ್ಲ. ಇಡೀ ಹಾಲಿನ ಕಣ್ಣಿಗೆ ನಾನು ಎದ್ದು ನಿಂತು ಅತಿಥಿಗಳ ಮುಂದೆ ರೆಫ್ರಿಗೆ ಹುಚ್ಚ, ಹುಚ್ಚ, ಹುಚ್ಚ ಎಂದು ಬೈದಿದ್ದೆ.

ಆ ಮಾತು ಇನ್ನೊಮ್ಮೆ ಕಿವಿಗೆ ಬಿದ್ದರೆ ನಿಮ್ಮ ಹುಡುಗಿಗೆ ಎಚ್ಚರಿಕೆ ಕೊಡುತ್ತೇನೆ, ಅಂಕ ಹೋಗುತ್ತದೆ ಎಂದರು ಅವರು. ಬೈದಿಲ್ಲ, ನಮ್ಮ ಕನ್ನಡದಲ್ಲಿ ಎಡ ಎಂದರೆ ಎಡಗಡೆ, ತಂಗಿಗೆ ಎಡಗಡೆ ಎಂದು ಹೇಳುತ್ತಿದ್ದೆ ಎಂದು ತೊದಲುತ್ತ ತಿಳಿಸಿದೆ. ಅವರ ಸಿಟ್ಟು ಇಳಿಯಿತು. ನಗಲೆಂದು ತುಟಿ ಸಡಿಲ ಮಾಡಿದರು. ಆಮೇಲೆ ಏನೋ ನೆನಪಾದವರಂತೆ ಹುಬ್ಬು ಗಂಟಿಕ್ಕಿ ಕೇಳಿದರು.

"ಮಗ್ ತಿಲಾ ಡಾವೀಕಡಚಂ ದಿಸತ್ ನಾಹೀ ಕಾ?"

ಹಾಗಾದರೆ ಅವಳಿಗೆ ಎಡಗಡೆಯದು ಕಾಣುವುದಿಲ್ಲವೇ?

ಅವರು ತಮಾಷೆಗೆ ಕೇಳಿದ್ದಿರಬಹುದು. ನನ್ನ ಮನಸ್ಸಿನಲ್ಲಿ ಬಂದದ್ದು ಅಲ್ಲ, ಅಲ್ಲ, ಹಾಗಲ್ಲ ಎಂಬ ಮಾತು. ಆದರೆ ಮರಾಠಿಯಲ್ಲಿ ಅಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ನಾವು ಬಳಸುವುದು ಒಂದೇ ಮಾತು. ನನ್ನ ಬಾಯಿಂದ ಬಂದದ್ದು, "ನಾಹೀ, ನಾಹೀ."

ಅವರಿಗೆ ಕೇಳಿಸಿದ್ದು: ಇಲ್ಲ, ಕಾಣುವುದಿಲ್ಲ.

ಅವರ ಮುಖ ಬದಲಾಯಿತು. ನನ್ನನ್ನೇ ನೋಡುತ್ತ ಒಂದು ಕ್ಷಣ ನಿಂತರು. ತಿದ್ದಲು ಅಷ್ಟು ಹೊತ್ತು ಸಾಕಿತ್ತು. ನಾನು ತಿದ್ದಲಿಲ್ಲ. ಕುರ್ಚಿಯ ಮೇಲೆ ಕೂತುಬಿಟ್ಟೆ, ಅಷ್ಟೇ ನನಗೆ ನೆನಪಿರುವುದು. ಅವರು ತಿರುಗಿ ಡಾಕ್ಟರಿಗೆ ಕೈಮಾಡಿದರು.

ಡಾಕ್ಟರು ರಿಂಗಿನ ಹಗ್ಗದ ಮೇಲಿಂದ ಬಾಗಿ ತಂಗಿಯ ಹೆಡ್‌ಗಾರ್ಡ್ ತೆಗೆಸಿದರು. ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು ಬೆರಳು ತೋರಿಸಿದರು. ಬೆರಳಿನ ಪರೀಕ್ಷೆಗೆ ಬಾಯಿಪಾಠ ಮಾಡುವಂಥದ್ದೇನೂ ಇರಲಿಲ್ಲ. ಅವಳು ಎರಡು ಎಂದಳು. ಅವರು ಹಿಡಿದದ್ದು ಮೂರು. ಇನ್ನೊಮ್ಮೆ ತೋರಿಸಿದರು, ಅವಳು ಮತ್ತೆ ತಪ್ಪು ಹೇಳಿದಳು. ಸರ್ ಟವೆಲ್ ಹಿಡಿದುಕೊಂಡು ಏನಾಯಿತು, ಏನಾಯಿತು ಎಂದು ಎಲ್ಲರನ್ನೂ ಕೇಳುತ್ತಿದ್ದರು. ರೆಫ್ರಿ ಇಬ್ಬರನ್ನೂ ನಡುವೆ ಕರೆದು ಉದ್ದ ಕೈಯ ಹುಡುಗಿಯ ಕೈ ಮೇಲೆತ್ತಿದರು. ನಾನು ಕೂತದ್ದು ತಂಗಿಯ ಎಡಕ್ಕೆ. ನನ್ನನ್ನು ಹುಡುಕಲು ಅವಳು ಇಡೀ ತಲೆಯನ್ನು ತಿರುಗಿಸಬೇಕಾಯಿತು. ತಿರುಗಿಸಿ, ನೋಡಿ, ಮತ್ತೆ ಮುಂದಕ್ಕೆ ಮಾಡಿದಳು.

ಆಪರೇಷನ್ ಆಯಿತು. ಇನ್ನೆರಡು ದಿನ ತಡವಾಗಿದ್ದರೆ ಕೈಬಿಡಬೇಕಾಗಿತ್ತು ಎಂದು ಮುಂಬಯಿಯ ಡಾಕ್ಟರು ಅಪ್ಪನಿಗೆ ಹೇಳಿದರು. ಕಣ್ಣು ಉಳಿಯಿತು. ಓದುವಷ್ಟಲ್ಲದಿದ್ದರೂ ಮನುಷ್ಯರ ಗುರುತು ಹಿಡಿಯುವಷ್ಟು ಕಾಣುತ್ತದೆ. ರಿಂಗಿಗೆ ಅವಳನ್ನು ಮತ್ತೆ ಬಿಡಲಿಲ್ಲ. ಅಪ್ಪ ನನಗೆ ಬೈಯಲಿಲ್ಲ, ಗೊತ್ತಿದ್ದೂ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆಯಲ್ಲ ಎಂದು ಒಮ್ಮೆ ಮಾತ್ರ ಅಂದರು. ತಂಗಿ ಹೆಚ್ಚುಕಡಿಮೆ ಎರಡು ವರ್ಷ ನನ್ನೊಡನೆ ಮರಾಠಿಯಲ್ಲಿ, ಅದೂ ಬೇಕಾದಷ್ಟೇ, ಮಾತಾಡಿದಳು. ಉಪ್ಪು ಕೊಡು, ಬಾಗಿಲು ಹಾಕು.

ಆಮೇಲೆ ಅವಳು ಹುಡುಗಿಯರಿಗೆ ಕಲಿಸತೊಡಗಿದಳು. ಮೊದಲು ಶಹಾಡಿನಲ್ಲಿ ಸರ್ ಕೈಕೆಳಗೆ, ನಂತರ ಘಣಸೋಲಿಯಲ್ಲಿ ತನ್ನದೇ ತರಗತಿ. ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ ಕೊಡದಿದ್ದರೆ ಕಲಿಸುವುದಿಲ್ಲ ಎಂದು ಹಟ ಹಿಡಿದು ಪಡೆದಳು. ತಿಂಗಳಿಗೊಮ್ಮೆ ಎಲ್ಲರ ಕಣ್ಣು ತಾನೇ ನೋಡುತ್ತಾಳೆ, ಬೆರಳು ಹಿಡಿದು, ಹಲಗೆಯಿಂದ ಅಲ್ಲ. ನಾನು ಮದುವೆಯಾಗಿ ಡೊಂಬಿವಲಿಗೆ ಬಂದಿದ್ದೆ. ನಮ್ಮಿಬ್ಬರ ನಡುವೆ ಮಾತು ಮೊದಲಿನಂತಾಗಿತ್ತು, ಆ ಒಂದು ಮಾತನ್ನು ಬಿಟ್ಟು.

ಮೂರ್ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ಇಬ್ಬರೂ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದೆವು. ಅವಳು ತಲೆಯೆತ್ತದೆ ಕನ್ನಡದಲ್ಲಿ ಕೇಳಿದಳು.

"ಅಕ್ಕಾ, ಒಂದ ಖರೇ ಹೇಳ. ಅವತ್ತ ನನಗ ಕಾಣೂದಿಲ್ಲಂತ ನೀ ಬೇಕಂತನ ಹೇಳಿದ್ಯೋ, ಬಾಯಿ ತಪ್ಪಿ ಬಂತೋ?"

ನನ್ನ ಕೈಯ ಸಿಪ್ಪೆ ಕೈಯಲ್ಲೇ ಉಳಿಯಿತು. ಹತ್ತಿರ ಹತ್ತಿರ ಎಂಟು ವರ್ಷ ಈ ಪ್ರಶ್ನೆಗೆ ಹೆದರಿ ಬದುಕಿದ್ದೆ. ಯಾವ ಉತ್ತರ ಅವಳಿಗೆ ಬೇಕು ಎಂದು ಮುಖ ನೋಡಿದೆ. ಏನೂ ತಿಳಿಯಲಿಲ್ಲ.

"ಬೇಕಂತನ ಹೇಳಿದ್ನಿ" ಎಂದೆ.

ಅವಳು ಉಸಿರು ಬಿಟ್ಟಳು.

"ಹಂಗಾದ್ರ ಆತ ಬಿಡು. ಬಾಯಿ ತಪ್ಪಿ ಅಂದಿದ್ರ ತಡಕೊಳ್ಳಾಕ ಆಗ್ತಿದ್ದಿಲ್ಲ ನನಗ. ನನ್ನ ಇಡೀ ಆಟ ಹೋಗಿದ್ದು ಯಾರದೋ ಬಾಯಿ ತಪ್ಪಿದ್ದಕ್ಕ ಅಂದ್ರ ಹ್ಯಾಂಗ? ನೀ ವಿಚಾರ ಮಾಡಿ ಹೇಳಿದಿ. ನನ್ನ ಕಣ್ಣ ಬೇಕಂತ ಹೇಳಿದಿ. ಅದ ಬ್ಯಾರೆ."

ಆಮೇಲೆ ಅವಳು ಬಟಾಣಿಯ ತಾಟನ್ನು ಎತ್ತಿಕೊಂಡು ಒಳಗೆ ಹೋದಳು. ಅವತ್ತಿನಿಂದ ನನ್ನೊಡನೆ ಏನೂ ಬೇಡುವುದಿಲ್ಲದಿದ್ದಾಗಲೂ ಕನ್ನಡದಲ್ಲೇ ಮಾತಾಡುತ್ತಾಳೆ. ತನ್ನ ಹುಡುಗಿಯರಿಗೆ ನನ್ನನ್ನು ತೋರಿಸಿ, ನನ್ನ ಕಣ್ಣು ಉಳಿಸಿದವಳು ಇವಳು ಎಂದು ಹೇಳುತ್ತಾಳೆ. ಆ ಹುಡುಗಿಯರು ಬಂದು ನನ್ನ ಕಾಲು ಮುಟ್ಟುತ್ತಾರೆ. ನನಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸುತ್ತದೆ.

ನಾನು ವಿಚಾರ ಮಾಡಿರಲಿಲ್ಲ. ನಾನು ಹೇಳಹೊರಟದ್ದು ಅವಳಿಗೆ ಕಾಣುತ್ತದೆ ಎಂಬ ಸುಳ್ಳು. ಅದು ಬಾಯಿ ತಪ್ಪಿ ನಿಜವಾಯಿತು, ತಿದ್ದಲು ಧೈರ್ಯವಾಗಲಿಲ್ಲ. ಇದನ್ನು ಯಾರಿಗಾದರೂ ಹೇಳದೆ ನನಗೆ ನಿದ್ದೆ ಹತ್ತುವುದಿಲ್ಲ, ಅವಳಿಗೆ ಹೇಳುವ ಹಾಗಿಲ್ಲ. ಮರಾಠಿಯಲ್ಲಿ ಬರೆದರೆ ಅವಳ ಕೈಗೆ ಸಿಕ್ಕೀತು. ಕನ್ನಡ ಅವಳಿಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.